ಹೊಸ್ತಿಲ ಮೇಲಿನ ಹಲಗೆ

ಸುರಪುರದ ಜಗದೇವಪ್ಪ ಸಾಹುಕಾರರ ಮನೆಯ ಪಡಸಾಲೆಯಲ್ಲಿ ಎಷ್ಟು ಫರಸಿ ಕಲ್ಲುಗಳಿವೆ ಎಂದು ಆ ಮನೆಯವರನ್ನು ಕೇಳಿ ನೋಡಿ. ಒಬ್ಬರಿಗೂ ಗೊತ್ತಿಲ್ಲ. ರಂಗಂಪೇಟೆಯ ದೇವಕಮ್ಮನನ್ನು ಕೇಳಿ. ನೂರಾ ನಲವತ್ತೆರಡು. ಅದರಲ್ಲಿ ಬಾಗಿಲ ಹತ್ತಿರದ ಏಳು ಸವೆದು ತಗ್ಗಾಗಿವೆ, ಅಲ್ಲಿ ನೀರು ನಿಲ್ಲುತ್ತದೆ, ಅರಿವೆ ಹಿಂಡಿಕೊಂಡು ಎರಡನೇ ಸಲ ಎಳೆಯಬೇಕು. ಜೋಕಾಲಿಯ ಕೆಳಗಿನದೊಂದು ಬಿರುಕು ಬಿಟ್ಟಿದೆ, ಬೇಸಿಗೆ ಬಂತೆಂದರೆ ಅದರ ಸಂದಿನಲ್ಲಿ ಇರುವೆಗಳ ಸಂಸಾರ. ಹದಿನೆಂಟು ವರ್ಷ ಮೊಣಕಾಲೂರಿ ಒರೆಸಿದವಳಿಗೆ ಇದೆಲ್ಲ ಬಾಯಿಪಾಠ. ಆ ಮನೆಯಲ್ಲಿ ಅವಳು ಲೆಕ್ಕ ಹಿಡಿಯಲಾರದ ಕಲ್ಲುಗಳೆಂದರೆ ದೇವರ ಕೋಣೆಯವು ಮಾತ್ರ. ಅಲ್ಲಿಗೆ ಅವಳು ಕಾಲಿಟ್ಟೇ ಇರಲಿಲ್ಲ.

ದೇವಕಮ್ಮ ಹುಟ್ಟಿದ್ದು ವನದುರ್ಗದಲ್ಲಿ, ಕೋಟೆಯ ಗೋಡೆಗೆ ಬೆನ್ನು ಕೊಟ್ಟ ಒಂದು ಗುಡಿಸಲಿನಲ್ಲಿ. ಹದಿನೇಳಕ್ಕೆ ಮದುವೆಯಾಗಿ ರಂಗಂಪೇಟೆಗೆ ಬಂದಳು. ಗಂಡ ಈಶಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ, ಮಾತು ಕಡಿಮೆ, ಊಟ ಜೋರು. ಮಗಳೊಬ್ಬಳು, ಮಲ್ಲೇಶ್ವರಿ. ಡಿ.ಎಡ್. ಮುಗಿಸಿ ಶಹಾಪುರದ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಬೆಳಿಗ್ಗೆಯ ಬಸ್ಸಿಗೆ ಹೋದರೆ ಸಂಜೆಗೆ ಬರುವವಳು. ಓಣಿಯಲ್ಲಿ ದೇವಕಮ್ಮನ ಬಾಯಿಗೆ ಹೆದರದವರಿಲ್ಲ. ನಳದ ಮುಂದೆ ಯಾರಾದರೂ ಅವಳ ಕೊಡ ಸರಿಸಿದರೆ ಅವರ ಮುತ್ತಜ್ಜನವರೆಗೂ ಹೋಗಿ ಝಾಡಿಸಿ ಬರುತ್ತಿದ್ದಳು. ಅಂಥ ಬಾಯಿಗೆ ಸಾಹುಕಾರರ ಮನೆಯ ಹಿತ್ತಲ ಬಾಗಿಲು ದಾಟಿದ ಕೂಡಲೇ ಬೀಗ ಬೀಳುತ್ತಿತ್ತು. ಯಾಕೆ ಎಂದು ಕೇಳಿದರೆ ಅವಳೇ ಸಿಟ್ಟಾಗುತ್ತಿದ್ದಳು.

ಕೆಲಸಕ್ಕೆ ಸೇರಿದ ಮೊದಲ ದಿನ ಸಾಹುಕಾರರ ಹೆಂಡತಿ ಸೂಗಮ್ಮ ಅವಳಿಗೆ ಮನೆ ತೋರಿಸಿದ್ದರು. ಪಡಸಾಲೆ, ನಡುಮನೆ, ಮೂರು ಮಲಗುವ ಕೋಣೆ, ಅಡುಗೆಮನೆ, ಹಿತ್ತಲು. ದೇವರ ಕೋಣೆಯ ಮುಂದೆ ಬಂದಾಗ ಹೊಸ್ತಿಲಿಗೆ ಅಡ್ಡ ನಿಂತು ಹೇಳಿದರು.

"ಇದೊಂದು ನಾನs ಮಾಡ್ಕೋತೀನಿ. ಇಡೀ ಮನಿ ಹೊಲಸು ಬಳದ ಕಸಬರಿಗಿ ದೇವರ ಮುಂದ ಬರಬಾರದವ್ವ."

"ಆತ್ರಿ ಅವ್ವಾರ," ಎಂದಳು ದೇವಕಮ್ಮ.

ಈ ಮಾತು ಅವಳಿಗೆ ಹಿಡಿಸಿತು. ಅದಕ್ಕೆ ಮುಂಚೆ ದುಡಿದ ಮನೆಗಳಲ್ಲಿ ಅಂಗಳಕ್ಕೇ ಗೆರೆ, ಬಾವಿಗೆ ಗೆರೆ, ಮಾತಿಗೂ ಗೆರೆ. ಇಲ್ಲಿ ಹಾಗೇನೂ ಇಲ್ಲ. ಇಲ್ಲಿ ತಡೆ ಇರುವುದು ಕಸಬರಿಗೆಗೆ. ತಪ್ಪೇನು? ಕಸಬರಿಗೆ ಹೊಲಸೇ ತಾನೆ? ಅವಳು ಈ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ತಂದಳು. ಹದಿನೆಂಟು ವರ್ಷ ಆ ಗಂಟು ಬಿಚ್ಚಲಿಲ್ಲ.

ಬಿಚ್ಚಲು ನೋಡಿದವಳು ಮಗಳು. ಮಲ್ಲೇಶ್ವರಿ ಓದುತ್ತ ಓದುತ್ತ ಕಣ್ಣು ತೆರೆದ ಹುಡುಗಿ. ಮನೆಯ ಮೂಲೆಯ ಹಲಗೆಯ ಮೇಲೆ ಬುದ್ಧನದೂ ಬಾಬಾಸಾಹೇಬರದೂ ಫೋಟೊ ಇಟ್ಟವಳೂ ಅವಳೇ.

"ಯವ್ವಾ, ನಮ್ಮ ಮನ್ಯಾಗ ಒಂದs ಕಸಬರಿಗಿ. ಒಲಿ ಮುಂದನೂ ಅದs, ಈ ಫೋಟೊದ ಮುಂದನೂ ಅದs. ಇವರಿಗೆ ಸಿಟ್ಟು ಬಂದದೇನು?" ಎಂದು ಕೇಳುತ್ತಿದ್ದಳು.

"ಅವರ ಪದ್ಧತಿ ಅವರಿಗೆ."

"ಪದ್ಧತಿ ಕಸಬರಿಗಿದಲ್ಲ, ನಿಂದು. ಹಿತ್ತಲ ಗೂಡಿನ್ಯಾಗ ನಿನಗಂತ ಒಂದು ಗಿಲಾಸು ಬ್ಯಾರೆ ಇಟ್ಟಾರಲ್ಲ, ಅದೂ ಕಸಬರಿಗಿದೇನು?"

"ನನ್ನ ಗಿಲಾಸಿನ್ಯಾಗ ಬ್ಯಾರೆದವರು ಕುಡಿಬಾರದಂತ ಇಟ್ಟಾರ. ನಾಕು ಅಕ್ಷರ ಕಲತಿ ಅಂತ ಎಲ್ಲಾದ್ರಾಗೂ ಹುಳುಕು ತಗೀಬ್ಯಾಡ," ಎಂದು ದೇವಕಮ್ಮ ಎದ್ದು ಹೋಗುತ್ತಿದ್ದಳು. ಎದ್ದು ಹೋಗುವಾಗ ಪಾತ್ರೆ ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದಳು. ಸುಳ್ಳೆಂದು ಗೊತ್ತಾದ ಮಾತನ್ನು ಹೊತ್ತು ತಿರುಗುವುದು ಯಾರಿಗೆ ಬೇಕು? ನಿಜವೆಂದು ನಂಬಿಕೊಂಡಿದ್ದರಿಂದಲೇ ಅವಳು ದಿನಾ ಬೆಳಿಗ್ಗೆ ತಲೆ ಎತ್ತಿ ಆ ಮನೆಗೆ ಹೋಗುತ್ತಿದ್ದಳು. ಮಗಳ ಮಾತೇ ಖರೆಯಾದರೆ ಹದಿನೆಂಟು ವರ್ಷ ಎಲ್ಲಿಡಬೇಕು?

ಕಳೆದ ವರ್ಷ ಸೂಗಮ್ಮನವರ ಮೊಣಕಾಲು ಕೈ ಕೊಟ್ಟವು. ಬಗ್ಗಿದರೆ ಏಳಲಾಗದು, ಎದ್ದರೆ ಬಗ್ಗಲಾಗದು. ದೇವರ ಕೋಣೆಯ ಕಸ ಹೊಡೆಯುವ ಕೆಲಸ ಸೊಸೆ ಸೌಭಾಗ್ಯಳ ಪಾಲಿಗೆ ಬಂತು. ಸೌಭಾಗ್ಯಳಿಗೆ ಬೆಳಿಗ್ಗೆ ಏಳುವುದೇ ಒಂದು ವ್ರತ. ಎರಡು ದಿನಕ್ಕೊಮ್ಮೆ ಹೊಡೆದಳು, ಆಮೇಲೆ ವಾರಕ್ಕೊಮ್ಮೆ. ದೇವರನ್ನು ಕೂರಿಸಿದ ಜಗಲಿಯ ಕೆಳಗೆ ಒಣಗಿದ ಹೂವು, ಬತ್ತಿಯ ಕರಕು, ವಿಭೂತಿಯ ಪುಡಿ ಕುಪ್ಪೆ ಬಿದ್ದವು. ಹೊಸ್ತಿಲಾಚೆಯಿಂದ ನೋಡುವ ದೇವಕಮ್ಮನ ಕೈ ಕಡಿಯುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟಳು.

"ಅವ್ವಾರ, ಒಂದು ಹೊಸ ಕಸಬರಿಗಿ ತಂದು ದೇವರ ಕೋಣ್ಯಾಗs ಇಡ್ರಿ. ಹೊರಗ ತರೂದs ಬ್ಯಾಡ. ನಾ ಕೈಕಾಲು ತೊಳಕೊಂಡು ಬಂದು ಅದರಲೆ ಹೊಡದು ಹೋಗ್ತೀನಿ."

ಸೂಗಮ್ಮ ಜಪಮಾಲೆಯಿಂದ ಕಣ್ಣೆತ್ತಲಿಲ್ಲ. "ನೋಡಮು," ಎಂದರು.

ಆ 'ನೋಡಮು' ಎಂಬ ಒಂದು ಮಾತು ಹಿಡಿದುಕೊಂಡು ದೇವಕಮ್ಮ ಆರು ತಿಂಗಳು ಕಾದಳು. ಮಗಳಿಗೆ ಹೇಳಲಿಲ್ಲ. ಆ ಹೊಸ್ತಿಲು ದಾಟಿದ ದಿನ ಸಂಜೆ ಮನೆಗೆ ಬಂದು, 'ನೋಡು, ಕಸಬರಿಗಿ ಬದಲಾತು, ನಾ ಒಳಗ ಹೋದೆ, ಈಗೇನಂತಿ?' ಎಂದು ಮಗಳ ಬಾಯಿ ಮುಚ್ಚಿಸಬೇಕೆಂದು ಮನಸ್ಸಿನಲ್ಲೇ ಮಂಡಿಗೆ ತಿಂದಳು. ಅವಳಿಗೆ ಬೇಕಾದದ್ದು ಅಷ್ಟೇ. ಒಳಗಿನ ದೇವರಲ್ಲ, ದೇವರ ಪ್ರಸಾದವಲ್ಲ, ತನ್ನ ಮಾತು ನಿಲ್ಲಬೇಕಿತ್ತು.

ಹೊಸ ಕಸಬರಿಗೆ ಬಂತು. ಬಸವ ಜಯಂತಿ ಮುಗಿದ ಮೂರನೆಯ ದಿನ, ಒಂದು ದೊಡ್ಡ ರಟ್ಟಿನ ಡಬ್ಬಿಯಲ್ಲಿ.

ಸಾಹುಕಾರರ ಮಗ ಬಸವಕುಮಾರ ಅದನ್ನು ಫೋನಿನಲ್ಲಿ ನೋಡಿ ತರಿಸಿದ್ದ. ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಅಗಲ, ಒಂದು ಗೇಣು ಕೂಡ ಎತ್ತರವಿಲ್ಲ, ಕರಿ ಬಣ್ಣ, ಹೊಟ್ಟೆಯ ಕೆಳಗೆ ಗಾಲಿ ಮತ್ತು ಬ್ರಶ್ಶು, ಹಿಂದೆ ನೀರಿನ ಡಬ್ಬಿ ಮತ್ತು ಒರೆಸುವ ಅರಿವೆ. ತನ್ನಷ್ಟಕ್ಕೆ ತಾನೇ ತಿರುಗುತ್ತ ಕಸ ಎಳೆದುಕೊಳ್ಳುತ್ತದೆ, ನೆಲ ಒರೆಸುತ್ತದೆ, ಹಸಿವಾದರೆ ಗೋಡೆಯ ಬದಿಯ ಗೂಡಿಗೆ ಹೋಗಿ ಕರೆಂಟು ಕುಡಿಯುತ್ತದೆ. ಹಿಂದಿಯಲ್ಲಿ ಮಾತಾಡುತ್ತದೆ, ಅದೂ ಹೆಣ್ಣು ದನಿಯಲ್ಲಿ. 'ಸಫಾಯಿ ಶುರೂ ಹೋ ರಹೀ ಹೈ', ಸ್ವಚ್ಛತೆ ಶುರುವಾಗುತ್ತಿದೆ, ಎಂದು ಅದು ಮೊದಲ ಸಲ ಒದರಿದಾಗ ಸೂಗಮ್ಮ ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕುಂತರು. ಆಮೇಲೆ ಬಗ್ಗಿ ನೋಡಿ ನಕ್ಕರು.

"ಆಮಿ ಇದ್ದಂಗ ಅದಲ್ಲ! ಗುಡಿಯಾಗ ದೇವರ ಮುಂದ ಆಮಿ ಇರ್ತದ. ಛಲೋ ಆತು."

ಛಲೋ ಆದದ್ದಕ್ಕೆ ಅದಕ್ಕೆ ಪೂಜೆಯಾಯಿತು. ಬೆನ್ನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಸುತ್ತ ಚೆಂಡುಹೂವು, ಮುಂದೆ ಕಾಯಿ ಒಡೆದರು. ಸೌಭಾಗ್ಯ ಆರತಿ ಎತ್ತಿದಳು. ದೇವಕಮ್ಮ ಹಿತ್ತಲ ಬಾಗಿಲಲ್ಲಿ ಒದ್ದೆ ಅರಿವೆ ಹಿಡಿದು ನಿಂತು ನೋಡಿದಳು. ಹದಿನೆಂಟು ವರ್ಷ ಈ ನೆಲ ಒರೆಸಿದವಳಿಗೆ ಒಂದು ಹೂವಿನ ಎಸಳನ್ನೂ ಯಾರೂ ಏರಿಸಿರಲಿಲ್ಲ. ಇದು ಇನ್ನೂ ಒಂದು ಕಲ್ಲೂ ಒರೆಸಿಲ್ಲ, ಆಗಲೇ ಆರತಿ! ಒಡೆದ ಕಾಯಿಯ ನೀರು ನೆಲದ ಮೇಲೆ ಹರಿದಿತ್ತು. ಅದನ್ನು ಒರೆಸಲು ಕರೆದದ್ದು ದೇವಕಮ್ಮನನ್ನೇ.

ಅವತ್ತಿನಿಂದ ಅವಳ ನಸೀಬು ತಿರುಗಿತು. ಕೆಲಸ ಕಡಿಮೆಯಾಗುತ್ತದೆ ಎಂದಿದ್ದ ಬಸವಕುಮಾರ. ಕಡಿಮೆಯಾದದ್ದು ಅವಳ ಮಾನ. ಮಶೀನು ತಿರುಗುವ ಮೊದಲು ಕುರ್ಚಿಗಳನ್ನು ಮಂಚದ ಮೇಲೆ ಏರಿಸಬೇಕು, ವೈರು ಎತ್ತಬೇಕು, ಕಾಲೊರೆಸುವ ಚಾಪೆ ಸುತ್ತಬೇಕು, ಯಾಕೆಂದರೆ ಮಹಾರಾಣಿಗೆ ದಾರಿಯಲ್ಲಿ ಏನೂ ಅಡ್ಡ ಇರಬಾರದು. ತಿರುಗಿದ ಮೇಲೆ ಅದರ ಹೊಟ್ಟೆಯ ಕಸ ಚೆಲ್ಲಬೇಕು, ಬ್ರಶ್ಶಿಗೆ ಸುತ್ತಿದ ಸೌಭಾಗ್ಯಳ ಕೂದಲು ಕತ್ತರಿಸಿ ತೆಗೆಯಬೇಕು, ಅರಿವೆ ಒಗೆಯಬೇಕು, ಹೊಟ್ಟೆಯ ಕೆಳಗಿನ ಸಣ್ಣ ಸಣ್ಣ ಗಾಜಿನ ಕಣ್ಣುಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಕಣ್ಣು ಮಸುಕಾದರೆ ಅದಕ್ಕೆ ಗೋಡೆ ಯಾವುದು ಮನುಷ್ಯರು ಯಾರು ತಿಳಿಯದಂತೆ. ಇದನ್ನೆಲ್ಲ ಬಸವಕುಮಾರ ಅವಳಿಗೆ ಒಂದು ತಾಸು ಕುಳಿತು ಕಲಿಸಿದ. ಹಳದಿ ಕ್ಲಿಪ್ಪು ಎರಡೂ ಒಟ್ಟಿಗೆ ಒತ್ತಬೇಕು, ಆಗ ಬ್ರಶ್ಶು ಬಿಡುತ್ತದೆ. ನಿನ್ನೆಯವರೆಗೆ ಮನೆ ಒರೆಸುತ್ತಿದ್ದವಳು ಇವತ್ತು ಮಶೀನಿನ ಕುಂಡೆ ಒರೆಸುವವಳಾದಳು.

ಮಾಡಿದ್ದಾದರೂ ಏನು ಆ ಮಶೀನು? ಬಾಗಿಲ ಹತ್ತಿರದ ಏಳು ತಗ್ಗು ಕಲ್ಲುಗಳಲ್ಲಿ ನೀರು ಹಾಗೇ ನಿಲ್ಲಿಸಿ ಹೋಗುತ್ತಿತ್ತು. ಮೂಲೆ ಅದಕ್ಕೆ ಎಟುಕದು, ಅದು ಗುಂಡಗೆ, ಮೂಲೆ ಚೌಕ. ಫರಸಿಯ ಮೇಲೆ ಅದು ಬಿಟ್ಟು ಹೋದ ಬಿಳಿ ಗೆರೆಗಳನ್ನು ದೇವಕಮ್ಮ ಅದರ ಬೆನ್ನ ಹಿಂದೆ ಹಿಂದೆ ಕುಕ್ಕರಗಾಲಲ್ಲಿ ಹೋಗಿ ತಿಕ್ಕುತ್ತಿದ್ದಳು, ಯಾರಿಗೂ ಕೇಳದಂತೆ ಬಾಯಿಗೆ ಬಂದದ್ದನ್ನು ಬೈಯುತ್ತಿದ್ದಳು. "ನಿನ್ನ ಬ್ಯಾಟ್ರಿ ಸುಡ್ಲಿ. ನಿನ್ನ ಗಾಲಿ ಮುರೀಲಿ. ನಿನ್ನ ಮಾರಿದವನ ಮನಿಗೆ ಇರುವಿ ಮುತ್ತಲಿ." ಅದು ಬಂದು ಅವಳ ಪಾದಕ್ಕೆ ಢೀ ಹೊಡೆದು, ಒಂದು ಕ್ಷಣ ನಿಂತು, ದಾರಿ ಬದಲಿಸಿ ಹೋಗುತ್ತಿತ್ತು. ಅವಳಿಗೆ ಇನ್ನಷ್ಟು ಉರಿಯುತ್ತಿತ್ತು.

ಆದರೂ ಒಂದು ಸಮಾಧಾನ ಇತ್ತು. ಮಶೀನಿಗೂ ದೇವರ ಕೋಣೆ ಇರಲಿಲ್ಲ. ಆ ಕೋಣೆಯ ಹೊಸ್ತಿಲು ನಾಲ್ಕು ಬೆರಳು ಎತ್ತರ, ತೇಗದ್ದು, ಅರಿಶಿನ ಕುಂಕುಮ ಹಚ್ಚಿದ್ದು. ಮಶೀನು ಅಲ್ಲಿಯವರೆಗೆ ಬಂದು ಮೂತಿ ಜಜ್ಜಿಕೊಂಡು ವಾಪಸು ಹೋಗುತ್ತಿತ್ತು. ದೇವಕಮ್ಮನಿಗೆ ಆಗ ಒಂಥರಾ ಖುಷಿ. ಎಷ್ಟಾದರೂ ಅದೂ ಕಸಬರಿಗೆಯೇ, ಅದಕ್ಕೂ ಅಲ್ಲೇ ತಡೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅವಳು ಬಂದಾಗ ಮನೆಯಲ್ಲಿ ಬಡಿಗೇರನಿದ್ದ. ದೇವರ ಕೋಣೆಯ ಹೊಸ್ತಿಲ ಅಳತೆ ತೆಗೆದುಕೊಂಡು, ಎರಡು ಕಡೆ ಇಳಿಜಾರು ಮಾಡಿದ ಒಂದು ಹಲಗೆಯನ್ನು ಹೊಸ್ತಿಲ ಮೇಲೆ ಕೂರಿಸುತ್ತಿದ್ದ. ಅರಿಶಿನ ಕುಂಕುಮ ಹಲಗೆಯ ಕೆಳಗೆ ಮುಚ್ಚಿಹೋಯಿತು. ಬಸವಕುಮಾರ ಫೋನು ಒತ್ತಿದ. ಮಶೀನು ಗೂಡಿನಿಂದ ಎದ್ದು ಬಂತು. ಪಡಸಾಲೆಯಲ್ಲಿ ಒಂದು ಸುತ್ತು, ಬಚ್ಚಲ ಮುಂದೆ ಒಂದು ಸುತ್ತು, ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಸುತ್ತು. ಆಮೇಲೆ ಹಲಗೆಯ ಇಳಿಜಾರು ಹತ್ತಿ, ಹೊಸ್ತಿಲು ದಾಟಿ, ಸರಸರ ದೇವರ ಕೋಣೆಯೊಳಗೆ ಹೋಯಿತು. ಜಗಲಿಯ ಕೆಳಗೆಲ್ಲ ತಿರುಗಿ ಒಣ ಹೂವು ನುಂಗಿತು. ಸೂಗಮ್ಮ ಕುರ್ಚಿಯಲ್ಲಿ ಕುಳಿತೇ ಕೈ ಮುಗಿದರು.

ದೇವಕಮ್ಮ ಬಕೆಟ್ಟು ಕೆಳಗಿಟ್ಟಳು. ಅವಳ ಬಾಯಿ ಆ ಮನೆಯಲ್ಲಿ ಮೊದಲ ಸಲ ಬೀಗ ಮುರಿಯಿತು.

"ಅವ್ವಾರ, ಹೊಲಸು ಬಳದ ಕಸಬರಿಗಿ ದೇವರ ಮುಂದ ಬರಬಾರದು ಅಂದಿದ್ರಿ. ಇದು ಈಗ ಬಚ್ಚಲ ಮುಂದಿಂದs ಬಂತಲ್ರಿ."

"ಇದು ಕಸಬರಿಗಿ ಅಲ್ಲ, ಮಶೀನು."

"ಮಶೀನಾದ್ರೇನ್ರಿ? ಕಸ ಹೊಡಿಯೂದು ಕಸಬರಿಗಿನೇ. ನಾ ಹೊಸಾದು ತರಸ್ರಿ ಅಂದಾಗ..."

"ಏ ದೇವಕಿ, ತಲಿ ತಿನ್ನಬ್ಯಾಡ," ಎಂದರು ಸೂಗಮ್ಮ. ಮೊಣಕಾಲಿನ ನೋವೋ, ಬೆಳಗಿನ ಹಸಿವೋ, ಇಲ್ಲ ಅಷ್ಟು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದು ಭಾರವಾಗಿತ್ತೋ, ಮುಂದಿನ ಮಾತು ತಾನಾಗಿಯೇ ಜಾರಿತು. "ಮಶೀನಕ್ಕ ಜಾತಿ ಎಲ್ಲ್ಯದ?"

ಸೌಭಾಗ್ಯ ಅತ್ತೆಯ ಕಡೆ ಕಣ್ಣು ಬಿಟ್ಟಳು. ಬಸವಕುಮಾರ ಫೋನಿನಲ್ಲಿ ಮುಖ ಹುದುಗಿಸಿದ. ಬಡಿಗೇರ ಉಳಿ ಎತ್ತಿಕೊಂಡು ಚೀಲಕ್ಕೆ ಹಾಕಿದ. ಗೋಡೆಯ ಮೇಲೆ ಬಸವ ಜಯಂತಿಗೆ ಹಾಕಿದ ಹಾರ ಬಸವಣ್ಣನವರ ಫೋಟೊದ ಮೇಲೆ ಇನ್ನೂ ಒಣಗುತ್ತಿತ್ತು. ಒಳಗೆ ಮಶೀನು ಗುಂಯ್ ಎನ್ನುತ್ತ ದೇವರ ಮುಂದಿನ ನೆಲ ಒರೆಸುತ್ತಿತ್ತು.

ದೇವಕಮ್ಮ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ಗೂಡಿನಲ್ಲಿದ್ದ ತನ್ನ ಗಿಲಾಸು ನೋಡಿದಳು. ಅದು ಅಲ್ಲೇ ಇತ್ತು, ಹದಿನೆಂಟು ವರ್ಷದಿಂದ ಇದ್ದಲ್ಲಿ. ಅವತ್ತು ಅವಳು ಚಹಾ ಕುಡಿಯಲಿಲ್ಲ. ಸಂಜೆ ಮಗಳು ಬಂದು, "ಯಾಕವ್ವ, ಮಾರಿ ಸಪ್ಪಗದ?" ಎಂದರೆ, "ಮೈ ಕಾದದ," ಎಂದು ಗೋಡೆಗೆ ತಿರುಗಿ ಮಲಗಿದಳು. ಹೇಳಿದರೆ ಮಗಳು ಗೆದ್ದಂತೆ. ಮಗಳು ಗೆದ್ದರೆ ಬೇಸರವಿಲ್ಲ, ಹಾಗೆ ಗೆದ್ದ ಮಗಳ ಕಣ್ಣಲ್ಲಿ ಬರುವ ನೀರು ಅವಳಿಗೆ ನೋಡಲಾಗುತ್ತಿರಲಿಲ್ಲ.

ಅವತ್ತೇ ಯಾಕೆ ಕೆಲಸ ಬಿಡಲಿಲ್ಲ ಎಂದು ನೀವು ಕೇಳಬಹುದು. ಕೂತು ಕೇಳುವುದು ಸುಲಭ. ಹದಿನೆಂಟು ವರ್ಷದ ಕಾಲು ಬೆಳಗಾದರೆ ತಾನೇ ಆ ದಾರಿ ಹಿಡಿಯುತ್ತದೆ. ಮರುದಿನವೂ ಹಿಡಿಯಿತು. ಆದರೆ ಈಗ ಅವಳು ಮಶೀನನ್ನು ಬೈಯುವುದು ಬಿಟ್ಟಿದ್ದಳು. ಅದರ ಮೇಲೆ ಅವಳಿಗೆ ಸಿಟ್ಟು ಉಳಿದಿರಲಿಲ್ಲ. ಸಿಟ್ಟು ಯಾರ ಮೇಲೆ ಇರಬೇಕೆಂದು ತಿಳಿದಿತ್ತು, ಅದನ್ನು ಒಳಗೇ ಇಟ್ಟುಕೊಂಡು ನೆಲ ತಿಕ್ಕಿದಳು. ಸೂಗಮ್ಮ ಕರೆದರೆ "ಹೂಂ" ಎನ್ನುವಳು. 'ಅವ್ವಾರ' ಎಂಬುದು ಅವಳ ಬಾಯಿಂದ ಬಿದ್ದುಹೋಗಿತ್ತು. ಅವರು ಅದನ್ನು ಗಮನಿಸಲೂ ಇಲ್ಲ.

ಶ್ರಾವಣ ಬಂತು. ಮೂರನೆಯ ಸೋಮವಾರ ಸಾಹುಕಾರರ ಮನೆಯಲ್ಲಿ ಪ್ರತಿ ವರ್ಷ ಪಾದಪೂಜೆ. ಕೆಂಭಾವಿಯ ಕಡೆಯ ಒಂದು ಮಠದ ಅಜ್ಜನವರು ಬರುತ್ತಾರೆ, ದೇವರ ಕೋಣೆಯಲ್ಲಿ ಮಣೆಯ ಮೇಲೆ ಕೂರುತ್ತಾರೆ, ಮನೆಯವರು ಪರಾತದಲ್ಲಿ ಅವರ ಪಾದ ತೊಳೆಯುತ್ತಾರೆ. ಅದಕ್ಕೆ ಇಪ್ಪತ್ತು ದಿನ ಮೊದಲೇ ಸೂಗಮ್ಮನವರಿಗೆ ಒಂದು ಚಿಂತೆ ಹತ್ತಿತು. ಮಶೀನು ಒಳಗೆ ಹೋಗುವುದು ಸರಿ, ಆದರೆ ಅದನ್ನು ದಿನಾ ಮುಟ್ಟಿ ತೊಳೆಯುವವಳು ಯಾರು? ಈ ಯೋಚನೆ ಅವರಿಗೆ ಅಷ್ಟು ತಡವಾಗಿ ಹೊಳೆದದ್ದೇ ಆಶ್ಚರ್ಯ. ಹೊಳೆದದ್ದೇ ತಡ, ಮಶೀನಿನ ನೀರಿನ ಡಬ್ಬಿಗೆ ಗೋಮೂತ್ರ ಬಿತ್ತು. ಅದೂ ಸಾಲದೆಂದು ವಿಭೂತಿಯ ಗಟ್ಟಿಯೊಂದನ್ನು ಕುಟ್ಟಿ ಪುಡಿ ಮಾಡಿ ನೀರಿಗೆ ಕಲಸಿದರು. ದೇವಕಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಆ ಡಬ್ಬಿಯ ತೂತು ಸೂಜಿಯ ಮೊನೆಯಷ್ಟು ಎಂದು ಅವಳಿಗೆ ಗೊತ್ತು, ಅದರ ಕಣ್ಣುಗಳು ಎಲ್ಲಿವೆ ಎಂದೂ ಗೊತ್ತು.

"ಅಕ್ಕಾರ, ಬೂದಿ ಹಾಕಬ್ಯಾಡ್ರಿ. ತೂತು ಕಟ್ಟತಾವು, ಕಣ್ಣಿಗೆ ಮೆತ್ತತದ," ಎಂದಳು ಸೌಭಾಗ್ಯಳಿಗೆ.

ಉತ್ತರ ಕೊಟ್ಟದ್ದು ಸೂಗಮ್ಮ. "ಬೂದಿ ಅಲ್ಲ ಅದು, ವಿಭೂತಿ. ಅದರ ಕಿಮ್ಮತ್ತು ನಿನಗೇನು ಗೊತ್ತು? ಈಗ ಅದು ಮಡಿ ಆಗ್ಯದ. ಶ್ರಾವಣ ಮುಗಿಯೂತನ ನೀ ಅದನ್ನ ಮುಟ್ಟಬ್ಯಾಡ. ಬಚ್ಚಲ, ಅಂಗಳ ನೋಡ್ಕೊಂಡು ಹೋಗು."

ದೇವಕಮ್ಮ ಮುಟ್ಟಲಿಲ್ಲ. ಸೌಭಾಗ್ಯಳಂತೂ ಮುಟ್ಟುವವಳಲ್ಲ. ಇಪ್ಪತ್ತು ದಿನ ಮಶೀನು ಹೊಟ್ಟೆ ತುಂಬ ಕಸ ಹೊತ್ತು, ಬ್ರಶ್ಶಿನ ತುಂಬ ಕೂದಲು ಸುತ್ತಿಕೊಂಡು, ವಿಭೂತಿ ಮೆತ್ತಿದ ಕಣ್ಣಲ್ಲಿ ಮನೆಯೆಲ್ಲ ತಡವರಿಸಿತು. ಕುರ್ಚಿಗೆ ಗುದ್ದಿತು, ಬೆಕ್ಕಿನ ಬಾಲದ ಮೇಲೆ ಹೋಯಿತು. 'ಸೆನ್ಸರ್ ಸಾಫ್ ಕರೇಂ', ನನ್ನ ಕಣ್ಣು ಒರೆಸಿ, ಎಂದು ದಿನಾ ಒದರಿತು. ಅದರ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಆ ಮನೆಯಲ್ಲಿ ಕೆಲಸ ಮಾಡುವವರ ಮಾತಿಗೆ ಕಿವಿಗೊಡುವ ರೂಢಿಯೇ ಇರಲಿಲ್ಲ.

ಮೂರನೆಯ ಸೋಮವಾರ ಬಂತು. ಅಜ್ಜನವರು ಬಂದರು, ವಯಸ್ಸಾದವರು, ಸಣ್ಣ ದೇಹ, ಕಾವಿ ಬಟ್ಟೆ. ಮಣೆಯ ಮೇಲೆ ಕುಳಿತು ಪರಾತದಲ್ಲಿ ಕಾಲಿಟ್ಟರು. ಸಾಹುಕಾರರು, ಬಸವಕುಮಾರ, ರೇಷ್ಮೆ ಸೀರೆಯ ಸೌಭಾಗ್ಯ, ಕುರ್ಚಿಯ ಮೇಲೆ ಸೂಗಮ್ಮ, ಪಡಸಾಲೆಯಲ್ಲಿ ಹದಿನೈದು ಇಪ್ಪತ್ತು ಮಂದಿ ಬೀಗರು. ದೇವಕಮ್ಮ ಹಿತ್ತಲಲ್ಲಿ ಪಾತ್ರೆಗಳ ಗುಡ್ಡದ ಮುಂದಿದ್ದಳು. ಹತ್ತು ಗಂಟೆಗೆ ಮಶೀನು ದಿನಾ ತಾನಾಗಿಯೇ ಏಳುವಂತೆ ಬಸವಕುಮಾರ ಹಿಂದೆಯೇ ಹೊಂದಿಸಿಟ್ಟಿದ್ದ. ಅವತ್ತು ಅದನ್ನು ತೆಗೆಯಲು ಮರೆತಿದ್ದ. ಮಂತ್ರ ನಡೆದಿದ್ದಾಗ ಕರೆಂಟು ಹೋಯಿತು. ಮೂರು ನಿಮಿಷಕ್ಕೆ ಹತ್ತು ಹೊಡೆಯಿತು.

"ಸಫಾಯಿ ಶುರೂ ಹೋ ರಹೀ ಹೈ."

ಬೀಗರ ಕಾಲುಗಳ ನಡುವೆ ನುಸುಳಿ, ಹಲಗೆ ಹತ್ತಿ, ಮಶೀನು ಒಳಗೆ ಹೋಯಿತು. ಬಸವಕುಮಾರ ಫೋನು ತೆಗೆದು ಒತ್ತಿದ, ಮತ್ತೆ ಒತ್ತಿದ. ಕರೆಂಟಿಲ್ಲದೆ ಮನೆಯ ವೈಫೈ ಸತ್ತಿತ್ತು, ಫೋನಿನ ಮಾತು ಮಶೀನಿಗೆ ಮುಟ್ಟಲಿಲ್ಲ. ಕಣ್ಣು ಕಾಣದ ಮಶೀನು ಪರಾತಕ್ಕೆ ಗುದ್ದಿತು. ಪಾದೋದಕ ಚೆಲ್ಲಿ ನೆಲದ ಮೇಲೆ ಹರಿಯಿತು. ಹಿಂದೆ ಸರಿದು ಇನ್ನೊಮ್ಮೆ ನುಗ್ಗಿ ಅಜ್ಜನವರ ಕಾವಿಯ ಅಂಚನ್ನು ಬ್ರಶ್ಶಿನಲ್ಲಿ ಹಿಡಿಯಿತು. ಹಿಡಿದದ್ದನ್ನು ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ಜಗಲಿಯ ಕೆಳಗೆ ನುಸುಳಿತು. ಅಜ್ಜನವರು ಎರಡೂ ಕೈಯಲ್ಲಿ ಸೊಂಟದ ಬಟ್ಟೆ ಹಿಡಿದುಕೊಂಡು ಮಣೆಯ ಮೇಲೆ ವಾಲಿದರು. ಬಟ್ಟೆ ಬಿಗಿದು ಬ್ರಶ್ಶು ನಿಂತಿತು. ಜಗಲಿಯ ಕೆಳಗಿನಿಂದ ಹೆಣ್ಣು ದನಿ ಕೂಗಿತು. "ಮೈಂ ಫಸ್ ಗಯೀ ಹೂಂ. ಮೇರೀ ಮದದ್ ಕೀಜಿಯೇ."

ಸಿಕ್ಕಿಕೊಂಡಿದ್ದೇನೆ, ಸಹಾಯ ಮಾಡಿ ಎಂದು ಅದು ಕೇಳುತ್ತಿತ್ತು. ಬಸವಕುಮಾರ ಎಳೆದ, ಕಾವಿ ಚರ್ರೆಂದು ಹರಿಯಿತು, ಎಲ್ಲರೂ ಅವನನ್ನು ಬೈದರು. ಆಗ ಸೌಭಾಗ್ಯ ಕಿರುಚಿದಳು.

"ದೇವಕಮ್ಮಾ! ಬಾ, ಜಲ್ದಿ ಬಾ ಒಳಗ!"

ದೇವಕಮ್ಮ ಕೈಯ ನೊರೆ ಸೀರೆಗೆ ಒರೆಸಿಕೊಳ್ಳುತ್ತ ಬಂದಳು. ಬೀಗರು ದಾರಿ ಬಿಟ್ಟರು. ಹಲಗೆಯ ಮುಂದೆ ಬಂದು ನಿಂತಳು. ಆ ಕೋಣೆಯ ಕಲ್ಲುಗಳು ಅವಳಿಗೆ ಅವತ್ತು ಪೂರ್ತಿ ಕಂಡವು. ಎಣಿಸಿದಳು. ಹದಿನಾರು. ಇಷ್ಟೇನಾ, ಎನ್ನಿಸಿತು.

"ನಿಂತು ಏನು ನೋಡ್ತಿ? ಬಾ, ಬಾ, ಏನಾಗಂಗಿಲ್ಲ," ಎಂದರು ಸೂಗಮ್ಮ.

ಅಜ್ಜನವರೂ ಬಟ್ಟೆ ಬಿಡದೆ ತಲೆಯಾಡಿಸಿದರು. "ಬಾರವ್ವ ತಾಯಿ, ಒಳಗ ಬಾ. ನಂದೇನು ಹರಕತ್ತಿಲ್ಲ."

ಆರು ತಿಂಗಳ ಹಿಂದೆ ಈ ಮಾತು ಬಂದಿದ್ದರೆ ಅವಳು ಓಡಿ ಹೋಗುತ್ತಿದ್ದಳು, ಸಂಜೆ ಮಗಳ ಮುಂದೆ ಎದೆ ಉಬ್ಬಿಸಿ ನಿಲ್ಲುತ್ತಿದ್ದಳು. ಈಗ ಅವಳ ಕಾಲು ಏಳಲಿಲ್ಲ. ಕಾಲಿಗೆ ಮನಸ್ಸೇ ಇರಲಿಲ್ಲ.

"ನಿಮ್ದು ಹರಕತ್ತ ಇರಲಿಕ್ಕಿಲ್ರಿ ಅಜ್ಜಾರ. ನಂದದ," ಎಂದಳು.

"ಏನಂದಿ?" ಎಂದರು ಸೂಗಮ್ಮ.

"ನಾ ಮಶೀನಲ್ರಿ, ಬ್ಯಾಕಾದಾಗ ಒಳಗ ಕರಕೊಂಡು ಬ್ಯಾಡಾದಾಗ ಹೊರಗ ಇಡಾಕ. ಮಶೀನಕ್ಕ ಜಾತಿ ಇಲ್ಲಂದ್ರಿ. ನನಗದ ಅಂತ ಅವತ್ತು ನೀವs ಹೇಳಿದ್ರಿ." ಬೀಗರ ಕಡೆ ತಿರುಗಿಯೂ ನೋಡಲಿಲ್ಲ. "ಅಕ್ಕಾರ, ನೀವು ಬಗ್ರಿ. ನಾ ಹೇಳ್ತೀನಿ, ನೀವು ಮಾಡ್ರಿ."

ಸೌಭಾಗ್ಯ ಸುತ್ತ ನೋಡಿದಳು. ಬೇರೆ ಯಾರೂ ಮುಂದೆ ಬರಲಿಲ್ಲ. ರೇಷ್ಮೆ ಸೀರೆ ಎತ್ತಿಕಟ್ಟಿ, ಪಾದೋದಕ ಹರಿದ ನೆಲದ ಮೇಲೆ ಹೊಟ್ಟೆ ಹಚ್ಚಿ, ಜಗಲಿಯ ಕೆಳಗೆ ಕೈ ಹಾಕಿದಳು.

"ಮಗ್ಗಲಿಗೆ ಹೊಳ್ಳಸ್ರಿ. ಹಳದಿ ಕ್ಲಿಪ್ಪು ಎರಡು ಅದಾವಲ್ಲ, ಎರಡೂ ಒಮ್ಮೆಲೆ ಒತ್ರಿ. ಹಂಗಲ್ಲ, ಬೊಟ್ಟು ಒಳಗ ಹಾಕ್ರಿ. ಹೊಲಸಿಗೆ ಹೇಸಬ್ಯಾಡ್ರಿ, ನಿಮ್ಮ ಕೂದಲs ಅದಾವು."

ಬ್ರಶ್ಶು ಬಿಟ್ಟಿತು. ಇಪ್ಪತ್ತು ದಿನದ ಕಸ, ಕೂದಲು, ಗೋಮೂತ್ರದಲ್ಲಿ ಕಲಸಿದ ಬೂದಿ, ಎಲ್ಲ ಒಟ್ಟಿಗೆ ಸೌಭಾಗ್ಯಳ ಮಡಿಲಿಗೆ ಸುರಿಯಿತು. ಅಜ್ಜನವರು ಬಟ್ಟೆ ಬಿಡಿಸಿಕೊಂಡು ಗೋಡೆಗೆ ಒರಗಿ ಕುಳಿತರು.

"ನಾಳಿಂದ ನೀ ಬರಬ್ಯಾಡ," ಎಂದರು ಸೂಗಮ್ಮ.

"ನಾಳಿತನಕ ಯಾಕ್ರಿ," ಎಂದಳು ದೇವಕಮ್ಮ. ಬಗ್ಗಿ ಹೊಸ್ತಿಲ ಮೇಲಿನ ಹಲಗೆಗೆ ಕೈ ಹಾಕಿ ಎತ್ತಿದಳು. ಬಡಿಗೇರ ಕೂರಿಸಿದ ದಿನದಿಂದ ಅದನ್ನು ಯಾರೂ ಎತ್ತಿರಲಿಲ್ಲ. ಕೆಳಗೆ ಒಣಗಿದ ಅರಿಶಿನದ ಮೇಲೆ ಎರಡು ತಿಂಗಳ ಧೂಳು, ಸತ್ತ ಜಿರಳೆ, ಇರುವೆಯ ಸಾಲು. ಹಲಗೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು. "ಇಲ್ಲಿತನಕ ನಾ ಒರಸೀನಿ. ಇದರ ಬುಡಕಿನದು ನಿಮ್ದು. ನೀವs ಹೊಡೀರಿ."

ಹಿತ್ತಲಿಗೆ ಹೋಗಿ ಗೂಡಿನಿಂದ ಗಿಲಾಸು ತೆಗೆದುಕೊಂಡಳು. ಅರ್ಧ ತೊಳೆದ ಪಾತ್ರೆಗಳನ್ನು ಅಲ್ಲೇ ಬಿಟ್ಟಳು. ಹದಿನೆಂಟು ವರ್ಷದಲ್ಲಿ ಅವಳು ಅರ್ಧಕ್ಕೆ ಬಿಟ್ಟ ಮೊದಲ ಕೆಲಸ ಅದು.

ಸಂಜೆ ಮಲ್ಲೇಶ್ವರಿ ಶಾಲೆಯಿಂದ ಬಂದಾಗ ಅವ್ವ ಮನೆಯಲ್ಲೇ ಇದ್ದಳು. ಒಲೆಯ ಮುಂದಿನಿಂದ ಹಿಡಿದು ಬಾಗಿಲವರೆಗೆ ಕಸ ಹೊಡೆದು, ಅದೇ ಕಸಬರಿಗೆಯಿಂದ ಈಗ ಫೋಟೊಗಳ ಹಲಗೆಯ ಕೆಳಗೆ ಹೊಡೆಯುತ್ತಿದ್ದಳು. ಹಲಗೆಯ ಮೇಲೆ, ಬುದ್ಧನ ಪಕ್ಕದಲ್ಲಿ, ಮಗಳು ಕೇಳಿಯಷ್ಟೇ ಬಲ್ಲ, ಎಂದೂ ನೋಡಿರದ ಒಂದು ಸ್ಟೀಲಿನ ಗಿಲಾಸು ಇತ್ತು.

"ಯಾಕವ್ವ, ಇಷ್ಟು ಜಲ್ದಿ ಬಂದಿ?"

ದೇವಕಮ್ಮ ಬೆನ್ನು ನೇರ ಮಾಡಿ ಕೈಯಲ್ಲಿದ್ದ ಕಸಬರಿಗೆಯನ್ನು ನೋಡಿದಳು. ಸವೆದು ಮೋಟಾಗಿತ್ತು, ಕಟ್ಟಿದ ದಾರ ಸಡಿಲಾಗಿತ್ತು.

"ನೀ ಅಂದಿದ್ದs ಖರೆ ಅದವ್ವ," ಎಂದಳು. "ಹದಿನೆಂಟು ವರ್ಷ ಎಲ್ಲಾ ಇದರ ಮ್ಯಾಲ ಹಾಕಿದೆ ನೋಡು. ಪಾಪ, ಇದರದೇನೂ ತಪ್ಪಿರಲಿಲ್ಲ."